ಟಿಕೆಟ್ಟಿಗೆ ಮೊದಲು ಪರ್ಮಿಟ್

ಹೋದ ವಾರ ಸಿಂಗಸಂದ್ರ ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತುವಾಗ ಪಕ್ಕದ ಫ್ಲ್ಯಾಟಿನ ಹುಡುಗಿ ಮೊಬೈಲ್ ತೋರಿಸಿದಳು. ಅಗತ್ತಿಗೆ ಹೋಗುವ ವಿಮಾನದ ಟಿಕೆಟ್ಟು, ರಾತ್ರಿ ಹನ್ನೆರಡಕ್ಕೆ ಮುಗಿಯುವ ಆಫರು. ‘ಅಕ್ಕಾ, ಮನೆಯವರಿಗೆಲ್ಲ ಸೇರಿಸಿ ಹಾಕಿಬಿಡಲಾ?’ ಎಂದಳು. ‘ಪರ್ಮಿಟ್ ಆಯ್ತಾ?’ ಎಂದು ಕೇಳಿದೆ. ‘ಲಕ್ಷದ್ವೀಪ ನಮ್ಮ ದೇಶದ್ದೇ ತಾನೆ, ಅದಕ್ಕೆ ಯಾಕೆ ಪರ್ಮಿಟ್ಟು?’

2024ರಲ್ಲಿ ನಾನೂ ಇದೇ ಮಾತು ಹೇಳಿದ್ದೆ. ಆ ಮಾತಿಗೆ ನಮ್ಮ ಮನೆ ತೆತ್ತದ್ದು 38,600 ರೂಪಾಯಿ. ಈ ಸಲದ ಅಂಕಣ ಆ ದುಡ್ಡಿನ ಬಗ್ಗೆ.

ಅಪ್ಪ ಮಂಗಳೂರಿನ ಹಳೆ ಬಂದರಿನ ಒಂದು ಮಂಡಿಯಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆದವರು. ಅಕ್ಕಿ, ಈರುಳ್ಳಿ, ತರಕಾರಿ, ಜಲ್ಲಿ, ಏನೇ ಇರಲಿ, ಮಂಜಿಗೆ, ಅಂದರೆ ಸರಕಿನ ಹಡಗಿಗೆ, ಏರುವ ಮಾಲನ್ನೆಲ್ಲ ಪುಸ್ತಕಕ್ಕೆ ಏರಿಸಿ, ಎದುರಿಗೆ ಅದು ಇಳಿಯುವ ಲಕ್ಷದ್ವೀಪದ ದ್ವೀಪದ ಹೆಸರು ಹಾಕುತ್ತಿದ್ದರು: ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್. ಬರೆದದ್ದು ಸಾವಿರ ಸಲ, ನೋಡಿದ್ದು ಒಂದು ಸಲವೂ ಇಲ್ಲ. 2024ರ ಮಾರ್ಚ್ 31ಕ್ಕೆ ಬೆಂಗಳೂರಿನಿಂದ ಅಗತ್ತಿಗೆ ನೇರ ವಿಮಾನ ಶುರುವಾಯಿತು. ಆ ಸುದ್ದಿ ಪೇಪರಿನಲ್ಲಿ ಓದಿದ ಅಪ್ಪ, ‘ಅದು ಮೊದಲು ನಮ್ಮದೇ ಜಿಲ್ಲೆ ಗೊತ್ತುಂಟಾ?’ ಎಂದರು.

ಅವರು ಪುಸ್ತಕಕ್ಕೆ ಬರೆಯುತ್ತಿದ್ದ ದ್ವೀಪಗಳ ಮಟ್ಟಿಗೆ ಆ ಮಾತು ನಿಜ. ಅಮಿನ್‌ದಿವಿ ಗುಂಪಿನ ಆ ದ್ವೀಪಗಳು ಹದಿನೆಂಟನೇ ಶತಮಾನದ ಕೊನೆಗೆ ಟಿಪ್ಪುವಿನ ಕೈಗೆ ಬಂದಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಅವನ್ನು ಮಂಗಳೂರಿನಿಂದ ಆಳಿದರು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆ ಹೊಸ ಮೈಸೂರು ರಾಜ್ಯಕ್ಕೆ ಸೇರುವಾಗ ಎರಡು ತುಂಡು ಹೊರಗುಳಿದವು. ಕಾಸರಗೋಡು ಕೇರಳಕ್ಕೆ ಹೋಯಿತು. ಅಮಿನ್‌ದಿವಿ ಕೇಂದ್ರಾಡಳಿತ ಪ್ರದೇಶದ ಪಾಲಾಯಿತು. ನಾವು ರಾಜ್ಯೋತ್ಸವ ಆಚರಿಸುವ ದಿನವೇ ಆ ದ್ವೀಪಗಳು ನಮ್ಮ ಜಿಲ್ಲೆಯ ಪುಸ್ತಕದಿಂದ ಬಿಟ್ಟುಹೋದವು.

ಅಪ್ಪನಿಗೆ ಆಗ 72. ಇನ್ನು ತಡಮಾಡುವುದು ಬೇಡವೆಂದು ನಾನು, ನಮ್ಮವರು, ಮಗಳು, ಅಪ್ಪ, ನಾಲ್ವರಿಗೂ ಅಕ್ಟೋಬರಿನ ಟಿಕೆಟ್ಟು ಅದೇ ರಾತ್ರಿ ಹಾಕಿದೆ. 43,900 ರೂಪಾಯಿ. ದರ ಕಡಿಮೆ, ಆದರೆ ರದ್ದು ಮಾಡಿದರೆ ಹಣ ವಾಪಸಿಲ್ಲ ಎಂಬ ಷರತ್ತಿನ ಟಿಕೆಟ್ಟು. ಪರ್ಮಿಟ್ ಎಂಬುದೊಂದು ಇದೆಯೆಂದು ತಿಳಿದದ್ದು ಆಮೇಲೆ, ಉಳಿಯುವ ಜಾಗ ಹುಡುಕುವಾಗ.

ಲಕ್ಷದ್ವೀಪಕ್ಕೆ ನಮಗೆ ವೀಸಾ ಬೇಡ, ಪಾಸ್‌ಪೋರ್ಟೂ ಬೇಡ. ಆದರೆ 1967ರ ಪ್ರವೇಶ ಮತ್ತು ವಾಸ ನಿರ್ಬಂಧ ನಿಯಮಗಳ ಪ್ರಕಾರ ಹೊರಗಿನಿಂದ ಹೋಗುವ ಭಾರತೀಯರಿಗೂ ಅಲ್ಲಿನ ಆಡಳಿತದ ಪರ್ಮಿಟ್ ಬೇಕು. ಅರ್ಜಿಯ ಜೊತೆ ಗುರುತಿನ ಚೀಟಿ, ಫೋಟೊ ಕೊಡಬೇಕು. ನಿಮ್ಮ ಮೇಲೆ ಕೇಸಿಲ್ಲವೆಂದು ಪೊಲೀಸರು ಕೊಡುವ ಪತ್ರವೂ ಇರಬೇಕು. ಅಲ್ಲಿ ನಿಮ್ಮನ್ನು ಇರಿಸಿಕೊಳ್ಳುವವರು ಯಾರೆಂಬುದನ್ನೂ ತೋರಿಸಬೇಕು: ಆಡಳಿತದ ಪ್ರವಾಸ ಸಂಸ್ಥೆ ‘ಸ್ಪೋರ್ಟ್ಸ್’, ನೋಂದಾಯಿತ ಪ್ರವಾಸ ಏಜೆನ್ಸಿ ಅಥವಾ ದ್ವೀಪದವರೇ ಆದ ಒಬ್ಬ ಆತಿಥೇಯ. ಪರ್ಮಿಟ್ಟಿನಲ್ಲಿ ಯಾವ ದ್ವೀಪದ ಹೆಸರಿದೆಯೋ ಅಲ್ಲಿಗಷ್ಟೇ ಪ್ರವೇಶ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಅದನ್ನು ನೋಡುತ್ತಾರೆ, ದ್ವೀಪದಲ್ಲಿ ಇಳಿದ ಮೇಲೆ ಪೊಲೀಸರಿಗೂ ತೋರಿಸಬೇಕು.

ನಾವು ಸಿಕ್ಕಿಬಿದ್ದದ್ದು ಪೊಲೀಸ್ ಪತ್ರದಲ್ಲಿ. ನಮ್ಮ ಮೂವರದು ಸೇವಾ ಸಿಂಧು ಪೋರ್ಟಲಿನಲ್ಲಿ ಅರ್ಜಿ ಹಾಕಿ ಸರಿಹೋಯಿತು. ಅಪ್ಪ ನಮ್ಮ ಜೊತೆ ಸಿಂಗಸಂದ್ರದಲ್ಲಿದ್ದರೂ ಅವರ ಆಧಾರ್ ವಿಳಾಸ ಮಂಗಳೂರಿನದು. ವಿಚಾರಣೆ ಅಲ್ಲಿನ ಠಾಣೆಯಿಂದ ಆಗಬೇಕು, ಅವರು ಆ ವಿಳಾಸದಲ್ಲಿ ಸಿಗಬೇಕು. ಇದನ್ನು ಮೊದಲೇ ಯೋಚಿಸದೆ ಇದ್ದದ್ದು ನನ್ನದೇ ತಪ್ಪು. ಪರ್ಮಿಟ್ ಕೈಗೆ ಬರುವಷ್ಟರಲ್ಲಿ ವಿಮಾನದ ದಿನ ದಾಟಿತ್ತು. ತೆರಿಗೆ, ನಿಲ್ದಾಣ ಶುಲ್ಕದ ಬಾಬ್ತು 5,300 ರೂಪಾಯಿ ವಾಪಸು ಬಂತು, ಉಳಿದದ್ದು ಹೋಯಿತು. ಆ ಟಿಕೆಟ್ಟಿನಲ್ಲೂ ಇಷ್ಟು ಬಂದದ್ದು ಹೇಗೆ ಎನ್ನುವಿರಾ? ಎಂಥ ಅಗ್ಗದ ಟಿಕೆಟ್ಟಾದರೂ ಸರ್ಕಾರಿ ತೆರಿಗೆ ಮತ್ತು ನಿಲ್ದಾಣದ ಶುಲ್ಕವನ್ನು ವಿಮಾನ ಕಂಪನಿ ಹಿಂದಿರುಗಿಸಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮವಿದೆ. ಎಷ್ಟೋ ಜನ ‘ವಾಪಸಿಲ್ಲ’ ಎಂಬ ಮಾತು ನೋಡಿ ಟಿಕೆಟ್ ರದ್ದು ಮಾಡುವುದನ್ನೇ ಬಿಡುತ್ತಾರೆ. ಹಾಗೆ ಬಿಡಬೇಡಿ, ಕೇಳಿ ಪಡೆಯಿರಿ.

ಅಪ್ಪ ನನ್ನನ್ನು ಬೈಯಲಿಲ್ಲ. ‘ಚೀಟಿ ಆಗದೆ ಮೂಟೆ ಮಂಜಿಗೆ ಏರಿಸಬಾರದು ಮಗಾ’ ಎಂದರು, ಅಷ್ಟೆ. ಬ್ಯಾಂಕು, ಫಂಡು, ವಿಮೆ ಎಂದು ಇಷ್ಟು ವರ್ಷ ಬರೆದ ನನಗೆ ಪ್ರವಾಸದ ಹಣಕ್ಕೆ ಇದಕ್ಕಿಂತ ಒಳ್ಳೆಯ ಸೂತ್ರ ಸಿಕ್ಕಿಲ್ಲ. ಪರ್ಮಿಟ್ಟಿನ ಖರ್ಚು ಇಡೀ ಪ್ರವಾಸದಲ್ಲಿ ತೀರಾ ಸಣ್ಣದು, ಆದರೆ ಉಳಿದ ಖರ್ಚೆಲ್ಲ ಅದರ ಮೇಲೆ ನಿಂತಿದೆ. ಹಾಗಾಗಿ ವಾಪಸು ಬರುವ ಹಣ ಮೊದಲು ಹೋಗಲಿ, ವಾಪಸು ಬಾರದ ಹಣ ಕೊನೆಗೆ ಹೋಗಲಿ.

ಎರಡನೇ ಸಲ ನಾವು ಮಾಡಿದ್ದು ಹೀಗೆ. ಮೊದಲು ಪೊಲೀಸ್ ಪತ್ರ. ಅಪ್ಪನನ್ನು ಮಂಗಳೂರಿನ ಮನೆಗೇ ಕಳಿಸಿ, ವಿಚಾರಣೆ ಮುಗಿಯುವ ತನಕ ಅಲ್ಲೇ ಇರಿಸಿದೆವು. ಆಮೇಲೆ ಉಳಿಯುವ ಜಾಗಕ್ಕೆ ಸಣ್ಣ ಮುಂಗಡ. ಪರ್ಮಿಟ್ ಬರದಿದ್ದರೆ ಎಷ್ಟು ಹಣ, ಎಷ್ಟು ದಿನದಲ್ಲಿ ವಾಪಸು ಎಂಬುದನ್ನು ಏಜೆನ್ಸಿಯಿಂದ ಬರೆಸಿಕೊಂಡೆವು. ಬಾಯಿಮಾತಿಗೆ ಒಪ್ಪಲಿಲ್ಲ. ನಂತರ ಪರ್ಮಿಟ್. ಅದು ಕೈಗೆ ಬಂದ ದಿನವೇ ಅದರಲ್ಲಿದ್ದ ಹೆಸರಿನ ಕಾಗುಣಿತ, ತಾರೀಖು, ದ್ವೀಪದ ಹೆಸರು ನೋಡಿದೆವು. ಕಡ್ಮತ್ ಇತ್ತು. ಅಪ್ಪ ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ಟಿಕೆಟ್ಟು ಹಾಕಿದ್ದು ಎಲ್ಲಕ್ಕಿಂತ ಕೊನೆಗೆ. ಟಿಕೆಟ್ ದರ ಮೊದಲಿಗಿಂತ ತಲಾ ಎರಡು ಸಾವಿರ ಹೆಚ್ಚು ಬಿತ್ತು. ನಾಲ್ಕು ಜನಕ್ಕೆ ಎಂಟು ಸಾವಿರ. ಕಳೆದುಕೊಂಡ 38,600ರ ಮುಂದೆ ಅದನ್ನು ನಾನು ವಿಮೆಯ ಕಂತೆಂದೇ ಲೆಕ್ಕ ಹಾಕಿದೆ.

ಅಗತ್ತಿಯ ರನ್‌ವೇ ಸುಮಾರು 1,200 ಮೀಟರ್ ಮಾತ್ರ, ದೊಡ್ಡ ವಿಮಾನ ಇಳಿಯುವುದಿಲ್ಲ. ಸೀಟು ಕಡಿಮೆ, ಅದಕ್ಕೇ ದರ ಜಾಸ್ತಿ. ಕೊಚ್ಚಿಯಿಂದ ಹಡಗೂ ಇದೆ, ದ್ವೀಪ ನೋಡಿಕೊಂಡು ಹದಿನಾಲ್ಕರಿಂದ ಇಪ್ಪತ್ತು ತಾಸು ಹಿಡಿಯುತ್ತದೆ. ಮಳೆಗಾಲದಲ್ಲಿ ಸಮುದ್ರದ ಮೇಲೆ ಭರವಸೆ ಇಡುವಂತಿಲ್ಲ. ದಿನ ಹಿಂದೆಮುಂದೆ ಆದೀತೆಂದು ನಾವು ಕೊಚ್ಚಿಯಲ್ಲಿ ಒಂದು ರಾತ್ರಿ ತಂಗಿ ಹೋದೆವು, ಬರುವಾಗಲೂ ಮಾರನೆಯ ದಿನ ಯಾರಿಗೂ ಆಫೀಸು ಇಟ್ಟುಕೊಳ್ಳಲಿಲ್ಲ. ಇದರ ಜೊತೆ ಬಜೆಟ್ಟಿನ ಆರನೇ ಒಂದು ಪಾಲು ದುಡ್ಡನ್ನು ಮುಟ್ಟದೆ ತೆಗೆದಿಡಿ. ದ್ವೀಪದಲ್ಲಿ ಎರಡು ದಿನ ಹೆಚ್ಚು ಉಳಿಯಬೇಕಾಗಿ ಬಂದರೆ ಕೈ ಹಿಡಿಯುವುದು ಅದೇ.

ಎಲೆಕ್ಟ್ರಾನಿಕ್ ಸಿಟಿಯ ಸಂಬಳದಾರರು ತೆರಿಗೆಯ ಲೆಕ್ಕವನ್ನೂ ನೋಡಬೇಕು. ಮಾಲ್ಡೀವ್ಸ್ ಭಾರತೀಯರಿಗೆ ಅಲ್ಲಿ ಇಳಿದ ಮೇಲೆ ವೀಸಾವನ್ನು ಉಚಿತವಾಗಿ ಕೊಡುತ್ತದೆ, ಅದರಿಂದ ಅದೇ ಸುಲಭ ಅನಿಸುತ್ತದೆ. ಆದರೆ ವಿದೇಶಿ ಪ್ಯಾಕೇಜು ಕೊಂಡರೆ ಏಜೆನ್ಸಿ ನಿಮ್ಮಿಂದ ಟಿಸಿಎಸ್ ಎಂದು ಮೊದಲೇ ತೆರಿಗೆ ಹಿಡಿಯುತ್ತದೆ. ರಿಟರ್ನ್ ಸಲ್ಲಿಸುವಾಗ ಅದು ಹೊಂದಾಣಿಕೆಯಾಗುತ್ತದೆ, ನಿಜ. ಆದರೆ ಅಲ್ಲಿಯ ತನಕ ಆ ದುಡ್ಡು ನಿಮ್ಮ ಕೈಯಲ್ಲಿ ಇರುವುದಿಲ್ಲ. ಲಕ್ಷದ್ವೀಪಕ್ಕೆ ಆ ಪ್ರಶ್ನೆಯೇ ಇಲ್ಲ. ಸಾಲದ್ದಕ್ಕೆ, ನಿಮ್ಮ ಸಂಬಳದಲ್ಲಿ ಎಲ್‌ಟಿಎ ಎಂಬ ಪ್ರಯಾಣ ಭತ್ಯೆ ಇದ್ದು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ದೇಶದೊಳಗಿನ ಈ ಪ್ರಯಾಣಕ್ಕೆ ವಿನಾಯಿತಿ ಸಿಗುತ್ತದೆ. ನಾಲ್ಕು ವರ್ಷದ ಬ್ಲಾಕಿನಲ್ಲಿ ಎರಡು ಪ್ರಯಾಣಕ್ಕೆ ಈ ಅನುಕೂಲ. 2022ರಿಂದ 2025ರ ಬ್ಲಾಕಿನ ಮುಂದಿನದು 2026ರಿಂದ 2029. ಪ್ರಯಾಣದ ದರಕ್ಕೆ ಮಾತ್ರ ವಿನಾಯಿತಿ. ಹೋಟೆಲು, ಊಟ ಲೆಕ್ಕಕ್ಕಿಲ್ಲ. ನಿಮ್ಮನ್ನೇ ಆಶ್ರಯಿಸಿರುವ ತಂದೆತಾಯಿಯ ಟಿಕೆಟ್ಟೂ ಸೇರುತ್ತದೆ. ಹೊಸ ಪದ್ಧತಿ ಆರಿಸಿಕೊಂಡವರಿಗೆ ಇದು ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಪರ್ಮಿಟ್ಟನ್ನು ಕಿರಿಕಿರಿ ಎಂದು ತಿಳಿಯಬೇಡಿ. 36 ದ್ವೀಪಗಳಲ್ಲಿ ಜನವಸತಿ ಇರುವುದು 10ರಲ್ಲಿ. ಎಲ್ಲ ಸೇರಿ ಸುಮಾರು 32 ಚದರ ಕಿಲೋಮೀಟರ್ ನೆಲ. 2011ರ ಜನಗಣತಿಯಲ್ಲಿ 64,473 ಜನ, ನೂರಕ್ಕೆ 94ಕ್ಕೂ ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರು. ಅಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ. ಮರಳಿನಡಿ ಉಪ್ಪುನೀರಿನ ಮೇಲೆ ಮಳೆಯ ಸಿಹಿನೀರು ತೆಳ್ಳಗೆ ನಿಂತಿರುತ್ತದೆ, ಹೆಚ್ಚು ಎತ್ತಿದರೆ ಬಾವಿಗೆ ಉಪ್ಪು ಏರುತ್ತದೆ. ಕವರತ್ತಿಯಲ್ಲಿ 2005ರಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರ ಹಾಕಿದರು, ದಿನಕ್ಕೆ ಒಂದು ಲಕ್ಷ ಲೀಟರಿನದು. ಸಿಂಗಸಂದ್ರದ ಲೆಕ್ಕದಲ್ಲಿ ಹೇಳುವುದಾದರೆ 12,000 ಲೀಟರಿನ ಸುಮಾರು ಎಂಟು ಟ್ಯಾಂಕರು. 2024ರ ಬೇಸಗೆಯಲ್ಲಿ ಟ್ಯಾಂಕರಿಗೆ ಫೋನು ಮಾಡಿ ಮಾಡಿ ಸೋತ ನಮಗೆ ಇದು ಅರ್ಥವಾಗದೆ ಇರುತ್ತದೆಯೇ? ಎಷ್ಟು ಜನ ಬರಬಹುದೆಂದು ಆ ಮನೆಯವರು ಎಣಿಸಿ ಬಾಗಿಲು ತೆರೆಯುತ್ತಾರೆ. ಎಣಿಸುವ ಹಕ್ಕು ಅವರಿಗಿದೆ.

2025ರ ಫೆಬ್ರುವರಿಯಲ್ಲಿ ನಾವು ಹೋಗಿಬಂದೆವು. ಒಟ್ಟು ಖರ್ಚು 1,62,000. ಅದರಲ್ಲಿ ಪರ್ಮಿಟ್, ಪೊಲೀಸ್ ಪತ್ರ, ಅಪ್ಪನ ಮಂಗಳೂರು ಬಸ್ಸು ಎಲ್ಲ ಸೇರಿ 4,300.

ಕಡ್ಮತ್‌ನಲ್ಲಿ ಎರಡನೇ ದಿನ ಬೆಳಗ್ಗೆ ಅಪ್ಪ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಒಂದು ಸಣ್ಣ ದಿನಸಿ ಅಂಗಡಿಯ ಮುಂದೆ ಕೂತಿದ್ದರು. ಬಂದರಿನಲ್ಲಿ ಕಲಿತ ಬ್ಯಾರಿ ಭಾಷೆಯಲ್ಲಿ ಅವರು ಮಾತಾಡುತ್ತಿದ್ದರು, ಅಂಗಡಿಯವರು ತಮ್ಮ ದ್ವೀಪದ ಮಾತಿನಲ್ಲಿ ಉತ್ತರಿಸುತ್ತಿದ್ದರು. ಅಪ್ಪನ ಕಾಲ ಹತ್ತಿರ ಬಾಯಿ ಬಿಚ್ಚಿದ ಒಂದು ಈರುಳ್ಳಿ ಮೂಟೆ, ಅದರ ಮೇಲೆ ಮಂಗಳೂರಿನ ಮಂಡಿಯ ಕಪ್ಪು ಮಸಿಯ ಗುರುತು. ಅಪ್ಪ ಕೆಜಿಯ ರೇಟು ಕೇಳಿದರು, ಬೆರಳು ಮಡಚಿ ಮಡಚಿ ಏನೋ ಕೂಡಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: ‘ಮಂಜಿ ಬಾಡಿಗೆ ಸೇರಿಸಿದರೆ ಲೆಕ್ಕ ಸರಿ ಉಂಟು.’