ಹೋದ ಊರಲ್ಲಿ ಮೊದಲು ಒಲೆ ಹುಡುಕು

ಚಿರಂಜೀವಿ ತಂಗಿಗೆ, ಹುಲಗೂರಿನಿಂದ ನಿನ್ನ ಕಾಕಾ ಬರೆಯುವುದು.

ನಾರ್ವೆಯ ಟ್ರಾಂಡ್‌ಹೈಮಿಗೆ ಓದಲು ಹೊರಟವಳು, ಅಲ್ಲಿ ಮಾಂಸ, ಮೀನು, ತತ್ತಿ ಬಿಟ್ಟು ಬದುಕಲಾದೀತೇ ಎಂದು ಕೇಳಿದ್ದೆಯಲ್ಲ. ನಿನ್ನಂತೆ ಹೊರಟ ಬೇರೆ ಮಕ್ಕಳೂ ಓದಲಿ ಎಂದು ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಆದೀತು ತಂಗಿ. ನಮಗಿಂತ ಬಿಗಿಯಾದ ಊಟದ ಕಟ್ಟಳೆ ಹೊತ್ತುಕೊಂಡು ಅದೇ ಊರಿನಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ಬಾಳಿದ ಯಹೂದಿಗಳಿದ್ದಾರೆ.

ಅವರ ಕಟ್ಟಳೆಗೆ ಕೋಷರ್ ಎಂದು ಹೆಸರು. ಹಂದಿ ಮುಟ್ಟರು, ಸೀಗಡಿ ಮುಟ್ಟರು. ಮಾಂಸವೂ ಹಾಲೂ ಒಂದೇ ಊಟದಲ್ಲಿ ಕೂಡುವಂತಿಲ್ಲ. ಎರಡಕ್ಕೂ ಪಾತ್ರೆಗಳೇ ಬೇರೆ. ಪ್ರಜ್ಞೆ ತಪ್ಪಿಸದೆ ಪ್ರಾಣಿ ಕೊಯ್ಯಬಾರದೆಂದು ನಾರ್ವೆ 1929ರಲ್ಲಿ ಕಾನೂನು ಮಾಡಿತು. ಅವರ ಧರ್ಮ ಅದಕ್ಕೆ ಒಪ್ಪದು. ಅಂದಿನಿಂದ ಕೋಷರ್ ಮಾಂಸ ಹೊರದೇಶದಿಂದ ಬರಬೇಕಾಯಿತು. ಇನ್ನು ಸಬ್ಬತ್, ಅವರ ವಾರದ ವಿಶ್ರಾಂತಿಯ ದಿನ. ಶುಕ್ರವಾರ ಹೊತ್ತು ಮುಳುಗಿದ ಮೇಲೆ ಒಲೆ ಹಚ್ಚುವಂತಿಲ್ಲ. ಆ ಊರಲ್ಲಿ ಡಿಸೆಂಬರಿನಲ್ಲಿ ಮಧ್ಯಾಹ್ನ ಎರಡೂವರೆಗೇ ಹೊತ್ತು ಮುಳುಗುತ್ತದೆ, ಜೂನಿನಲ್ಲಿ ರಾತ್ರಿ ಹನ್ನೊಂದೂವರೆಗೆ! ಚಳಿಗಾಲದಲ್ಲಿ ಆ ಮನೆಗಳ ಹೆಣ್ಣುಮಕ್ಕಳು ಎಷ್ಟು ನಸುಕಿನಲ್ಲೇ ಅಡುಗೆಗೆ ನಿಂತಿರಬೇಕು ನೋಡು.

1925ರಲ್ಲಿ ಅವರು ಹಳೆಯ ರೈಲು ನಿಲ್ದಾಣದ ಕಟ್ಟಡವನ್ನೇ ಸಿನಗಾಗ್, ಅಂದರೆ ತಮ್ಮ ಪ್ರಾರ್ಥನಾ ಮಂದಿರ, ಮಾಡಿಕೊಂಡರು. ಜಗತ್ತಿನ ತೀರ ಉತ್ತರಕ್ಕಿರುವ ಸಿನಗಾಗ್‌ಗಳಲ್ಲಿ ಅದೂ ಒಂದು. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಅದನ್ನು ಕಿತ್ತುಕೊಂಡರು. 1942ರ ಅಕ್ಟೋಬರಿನಲ್ಲಿ ಸಿಸ್ಸಿ ಕ್ಲೈನ್ ಎಂಬ ಹದಿಮೂರರ ಯಹೂದಿ ಹುಡುಗಿಯನ್ನು ಶಾಲೆಯ ತರಗತಿಯಿಂದಲೇ ಹಿಡಿದೊಯ್ದರು. ಮರುವರ್ಷ ಮಾರ್ಚಿನಲ್ಲಿ ಆಶ್ವಿಟ್ಜ್‌ನಲ್ಲಿ ಕೊಂದರು. ಊರಿನ ಉದ್ಯಾನದಲ್ಲಿ ಅವಳ ಪ್ರತಿಮೆ ಇದೆ. ತರಗತಿಗಳು ಶುರುವಾಗುವ ಮೊದಲೇ ಹೋಗಿ ನೋಡು. ಬದುಕಿ ಬಂದ ಕೆಲವೇ ಜನ 1947ರಲ್ಲಿ ಸಿನಗಾಗಿನ ಬಾಗಿಲು ಮತ್ತೆ ತೆರೆದರು. ಅವರ ಸಾಮೂಹಿಕ ಪ್ರಾರ್ಥನೆಗೆ ಪದ್ಧತಿಯಂತೆ ಹತ್ತು ಗಂಡಸರು ಕೂಡಬೇಕು. ಸಣ್ಣ ಊರಿನಲ್ಲಿ ಹತ್ತು ಜನರನ್ನು ಕೂಡಿಸಲು ಒಬ್ಬರಿಗೊಬ್ಬರು ಬೇಕೇ ಬೇಕು. ಒಬ್ಬಂಟಿಯಾಗಿ ಹಟ ಹಿಡಿದು ಕೂತಿದ್ದರೆ ಅವರ ಕಟ್ಟಳೆ ಉಳಿಯುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಅದಕ್ಕೇ ಹೇಳುತ್ತೇನೆ, ಹೋದ ಮೊದಲ ವಾರದಲ್ಲೇ ಸಸ್ಯಾಹಾರಿ ಗೆಳತಿಯರನ್ನು ಹುಡುಕಿಕೋ. ಹಾಸ್ಟೆಲಿನ ಅಡುಗೆಮನೆ ಹಲವರದು. ಕುಕ್ಕರು, ಬಾಣಲೆ, ಚಾಕು ನಿನ್ನದೇ ಇರಲಿ. ಅಂಗಡಿಯಲ್ಲಿ ಪೊಟ್ಟಣ ತಿರುವಿ ಓದುವ ರೂಢಿ ಮಾಡು. ಎಷ್ಟೋ ಮಿಠಾಯಿಗಳಲ್ಲಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಯ ತೊಗಲು, ಎಲುಬಿನಿಂದ ಬಂದದ್ದು. ಚೀಸಿಗೆ ಹಾಲು ಒಡೆಯಲು ಹಾಕುವ ರೆನೆಟ್ ಎಷ್ಟೋ ಕಡೆ ಕರುವಿನ ಹೊಟ್ಟೆಯಿಂದ ತೆಗೆದದ್ದು. ಕೋಷರ್ ಪಾಲಿಸುವವರೂ ಇವೆರಡನ್ನು ವಿಚಾರಿಸದೆ ಕೊಳ್ಳುವುದಿಲ್ಲ. ಆದರೆ ಕೋಷರ್ ಮುದ್ರೆ ಕಂಡರೆ ಸಸ್ಯಾಹಾರ ಎಂದುಕೊಳ್ಳಬೇಡ. ಮಾಂಸವೂ ಅಲ್ಲದ ಹಾಲೂ ಅಲ್ಲದ ಪದಾರ್ಥಕ್ಕೆ ಅವರು 'ಪಾರ್ವೆ' ಎನ್ನುತ್ತಾರೆ. ಅದರಲ್ಲಿ ತತ್ತಿ, ಮೀನು ಇರಬಹುದು.

ಯಾರಾದರೂ ಊಟಕ್ಕೆ ಕರೆದರೆ ಹಿಂದಿನ ದಿನವೇ ಹೇಳಿಬಿಡು, ಸಂಕೋಚ ಬೇಡ. ನಮ್ಮೂರಿನ ಮುಸ್ಲಿಂ ಮನೆಯ ಮದುವೆಗಳನ್ನು ನೀನೇ ಕಂಡಿದ್ದೀಯ: ನಮಗಾಗಿ ಬೇರೆ ಒಲೆ, ಬೇರೆ ಭಾಂಡೆ, ನಮ್ಮವನೇ ಅಡುಗೆಯವ. ಯಾರ ಮನಸ್ಸೂ ನೋಯುವುದಿಲ್ಲ, ಯಾರೂ ಉಪವಾಸ ಏಳುವುದಿಲ್ಲ. ನೀನೂ ಹಾಗೇ ಕೇಳು; ಎದುರಿನವರ ತಟ್ಟೆಯಲ್ಲಿ ಏನಿದೆಯೆಂದು ನೋಡಿ ಮಾತ್ರ ಮುಖ ಸಿಂಡರಿಸಬೇಡ.

ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಅವ್ವ ಕಟ್ಟಿಕೊಡುತ್ತಾಳೆ. ತುಪ್ಪ, ಧಾರವಾಡ ಪೇಡೆ ಬೇಡವೆನ್ನು, ಹೊರದೇಶದ ಹಾಲಿನ ಪದಾರ್ಥವನ್ನು ಅಲ್ಲಿನ ಕಸ್ಟಮ್ಸ್ ಒಳಗೆ ಬಿಡುವುದಿಲ್ಲ. ಬ್ಯಾಗಿನಲ್ಲಿ ಜಾಗ ಉಳಿದರೆ ಇನ್ನೊಂದು ಕಟ್ಟು ರೊಟ್ಟಿ ಇಟ್ಟುಕೋ, ಗೆಳತಿಯರಿಗೂ ಆಗುತ್ತದೆ.

ನಿನ್ನ ಕಾಕಾ