ನಿದಾನವರಿತ ಚಿಕಿತ್ಸೆ: ಮೋಟಾರ್ ಸೈಕಲ್ಲಿನ ಮಂದಗತಿಯ ವಿಚಾರ

ರೋಗದ ಮೂಲಕಾರಣವನ್ನು ಅರಿಯುವುದಕ್ಕೆ ಆಯುರ್ವೇದದಲ್ಲಿ 'ನಿದಾನ'ವೆಂದು ಹೆಸರು. ಚಿಕಿತ್ಸೆಯು ಅದರ ಅನಂತರದ್ದು. ಯಂತ್ರಗಳ ವಿಷಯದಲ್ಲಿಯೂ ಈ ಕ್ರಮವೇ ಯುಕ್ತವೆಂಬುದಕ್ಕೆ ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ಮೋಟಾರ್ ಸೈಕಲ್ಲುಗಳು ಉತ್ತಮ ನಿದರ್ಶನ. ಇಂದಿಗೂ ಅಭಿಮಾನಿಗಳು ಜತನದಿಂದ ಉಳಿಸಿಕೊಂಡಿರುವ ಈ ಹಳೆಯ ವಾಹನಗಳಲ್ಲಿ ಆಗಾಗ ಕಾಣುವ ದೋಷವೆಂದರೆ, ಆಕ್ಸಿಲರೇಟರನ್ನು ಬಿಟ್ಟೊಡನೆ ಎಂಜಿನ್ ನಿಂತುಹೋಗುವುದು, ಇಲ್ಲವೆ ಏರುಪೇರಾಗಿ ಓಡುವುದು. ಮೆಕ್ಯಾನಿಕ್ಕುಗಳು 'ಐಡ್ಲಿಂಗ್' ಎನ್ನುವ ಈ ಓಟವನ್ನು ಕನ್ನಡದಲ್ಲಿ ಮಂದಗತಿ ಎನ್ನಬಹುದು.

ದೋಷವು ಮಂದಗತಿಯಲ್ಲಿಯೇ ಮೊದಲು ತೋರುವುದೇಕೆ? ವೇಗವಾಗಿ ಓಡುವಾಗ ಕಾರ್ಬ್ಯುರೇಟರಿನ ದ್ವಾರವು ತೆರೆದಿದ್ದು, ಗಾಳಿಯೂ ಪೆಟ್ರೋಲೂ ಧಾರಾಳವಾಗಿ ಒಳಹೋಗುತ್ತವೆ. ಅಲ್ಪ ಕೊರತೆ ಲೆಕ್ಕಕ್ಕೆ ಬಾರದು. ದ್ವಾರವು ಬಹುಮಟ್ಟಿಗೆ ಮುಚ್ಚಿದಾಗಲಾದರೋ, ಅತಿಸೂಕ್ಷ್ಮ ರಂಧ್ರವುಳ್ಳ ಪೈಲಟ್ ಜೆಟ್ಟೊಂದೇ ಎಂಜಿನ್ನಿಗೆ ಪೆಟ್ರೋಲನ್ನು ಉಣಿಸಬೇಕು. ಒಂದು ಭಾಗ ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಆ ರಂಧ್ರದಲ್ಲಿ ಕಸದ ಕಣವೊಂದು ನಿಂತರೂ, ಬೇರೆಡೆಯಿಂದ ಒಂದಿಷ್ಟು ಗಾಳಿ ನುಸುಳಿದರೂ ಈ ಪ್ರಮಾಣ ಕೆಡುತ್ತದೆ.

ಲಕ್ಷಣಗಳಿಂದ ಕಾರಣವನ್ನು ಊಹಿಸಬಹುದು. ಬಿಸಿಯಾದ ಮೇಲೂ ಚೋಕ್ ಎಳೆದರೆ ಮಾತ್ರ ಎಂಜಿನ್ ಓಡುವುದಾದರೆ ಪೈಲಟ್ ಜೆಟ್ ಕಟ್ಟಿದೆಯೆಂದು ಶಂಕಿಸಬೇಕು. ಬಹುದಿನ ನಿಂತ ಪೆಟ್ರೋಲು ಆವಿಯಾಗಿ ಅಂಟನ್ನು ಉಳಿಸುವುದೇ ಇದಕ್ಕೆ ಮುಖ್ಯ ಕಾರಣ. ಹ್ಯಾಂಡಲ್ ತಿರುಗಿಸಿದಾಗ ಓಟವು ಏರಿದರೆ ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿದೆ. ಪ್ಲಗ್ಗಿನ ತುದಿಯಲ್ಲಿ ಕಪ್ಪು ಮಸಿ ಕಟ್ಟಿದ್ದರೆ ಪೆಟ್ರೋಲು ಅಧಿಕ. ಬೆಳ್ಳಗಿದ್ದರೆ ಗಾಳಿ ಅಧಿಕ. ತಿಳಿಗಂದು ಬಣ್ಣ ಆರೋಗ್ಯದ ಕುರುಹು. ಕಿಡಿಯು ದುರ್ಬಲವಾಗಿದ್ದರೆ ಪಾಯಿಂಟಿನ ಅಂತರವನ್ನು ನೋಡಬೇಕು. ಅದು ಸುಮಾರು 0.4 ಮಿಲಿಮೀಟರ್ ಇರತಕ್ಕದ್ದು.

ಆಕ್ಸಿಲರೇಟರ್ ಬಿಟ್ಟರೂ ಓಟವು ತಕ್ಷಣ ಇಳಿಯದೆ ಏರಿಯೇ ನಿಂತರೆ, ಕೇಬಲ್ ಸರಿಯಿರುವ ಪಕ್ಷದಲ್ಲಿ, ಗಾಳಿಯ ಸೋರಿಕೆಯನ್ನು ಹುಡುಕಬೇಕು. ಕಾರ್ಬ್ಯುರೇಟರಿನ ಜೋಡಣೆಗೆ ಗ್ರೀಸ್ ಸವರಿದಾಗ ಓಟವು ಬದಲಾದರೆ ಸೋರಿಕೆ ಅಲ್ಲಿಯೇ ಇದೆ. ಬದಲಾಗದಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲ್ ಸವೆದಿರಬಹುದು. ಇಂದು ಪೆಟ್ರೋಲಿನಲ್ಲಿ ಬೆರೆಯುವ ಎಥನಾಲ್ ಹಳೆಯ ರಬ್ಬರನ್ನು ಕೆಡಿಸಬಲ್ಲುದಾದ್ದರಿಂದ ಈ ಪರೀಕ್ಷೆಗೆ ಈಗ ಹೆಚ್ಚಿನ ಮಹತ್ತ್ವವಿದೆ.

ಇವನ್ನೆಲ್ಲ ನೋಡದೆ, ಎಂಜಿನ್ ನಿಲ್ಲದಿರಲೆಂದು ಐಡ್ಲಿಂಗ್ ಸ್ಕ್ರೂವನ್ನು ಬಿಗಿಮಾಡಿಬಿಡುವ ರೂಢಿಯುಂಟು. ಅದರಿಂದ ಲಕ್ಷಣವು ಮರೆಯಾಗುತ್ತದೆ, ರೋಗವು ಉಳಿಯುತ್ತದೆ. ಈ ಎರಡು ಸ್ಟ್ರೋಕಿನ ಎಂಜಿನ್ನುಗಳಲ್ಲಿ ಪೆಟ್ರೋಲಿನೊಡನೆ ಬೆರೆತ ಆಯಿಲೇ ಪಿಸ್ಟನ್ನಿಗೆ ಸ್ನಿಗ್ಧತೆಯನ್ನು ಕೊಡತಕ್ಕದ್ದು. ಗಾಳಿ ಹೆಚ್ಚಿ ಪೆಟ್ರೋಲು ತಗ್ಗಿದರೆ ಆಯಿಲೂ ತಗ್ಗುತ್ತದೆ, ಶಾಖವೂ ಏರುತ್ತದೆ. ಹೆದ್ದಾರಿಯ ವೇಗದಲ್ಲಿ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡರೆ ಹಿಂದಿನ ಚಕ್ರವೇ ಸ್ತಬ್ಧವಾಗಿ ಸವಾರನ ಪ್ರಾಣಕ್ಕೆ ಎರವಾಗಬಹುದು. ಅಂಥ ಗಳಿಗೆಯಲ್ಲಿ ಕೂಡಲೇ ಕ್ಲಚ್ ಹಿಡಿಯುವುದೊಂದೇ ರಕ್ಷೆ.

ಆದಕಾರಣ ಕ್ರಮವು ಹೀಗಿರತಕ್ಕದ್ದು: ಮೊದಲು ಪೆಟ್ರೋಲಿನ ದಾರಿ, ಬಳಿಕ ಏರ್ ಫಿಲ್ಟರ್ ಮತ್ತು ಗಾಳಿಯ ಸೋರಿಕೆ, ಆಮೇಲೆ ಕಿಡಿ, ಕಟ್ಟಕಡೆಗೆ ಸ್ಕ್ರೂ. ಏರ್ ಸ್ಕ್ರೂವನ್ನು ಮೆಲ್ಲನೆ ಪೂರ್ತಿ ಒಳಕ್ಕೆ ತಿರುಗಿಸಿ, ಅಲ್ಲಿಂದ ಸುಮಾರು ಒಂದೂವರೆ ಸುತ್ತು ಹೊರತಂದು, ಬಿಸಿಯಾದ ಎಂಜಿನ್ ಅತ್ಯಂತ ಸಮವಾಗಿ ಓಡುವ ಸ್ಥಾನವನ್ನು ಕಂಡುಕೊಂಡು, ಅನಂತರ ಐಡ್ಲಿಂಗನ್ನು ತಗ್ಗಿಸಬೇಕು.

2020ರಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹೊಸ ವಾಹನಗಳಲ್ಲಿ ಕಾರ್ಬ್ಯುರೇಟರಿನ ಸ್ಥಾನವನ್ನು ಬಹುಮಟ್ಟಿಗೆ ಇಂಜೆಕ್ಷನ್ ಪಡೆದಿದೆ. ಉಪಕರಣ ಬದಲಾದರೂ ವಿಚಾರದ ಕ್ರಮ ಬದಲಾಗದು. ಅಲ್ಪಪ್ರಾಣದ 'ನಿದಾನ'ಕ್ಕೆ ಮಹಾಪ್ರಾಣದ 'ನಿಧಾನ'ವೂ ಬೇಕೆಂಬುದನ್ನು ವಿದ್ಯಾರ್ಥಿಗಳು ಪುಸ್ತಕದಿಂದಲ್ಲದೆ ಹಳೆಯದೊಂದು ಎಂಜಿನ್ನಿನಿಂದಲೂ ಕಲಿಯಬಹುದು.