ಹಕ್ಕು ಕೇಳುವ ಮನವಿ ಪತ್ರ: ಪೀಣ್ಯದ ಕೆಲಸಗಾರರಿಗೆ ಹಂತ ಹಂತವಾಗಿ

ಬಾಯಲ್ಲಿ ಎಷ್ಟು ಹೇಳಿದರೂ ಯಾರೂ ಕಿವಿಗೊಡಲಿಲ್ಲ, ಇನ್ನು ಬರೆದೇ ಕೊಡೋಣ ಎಂದು ಗಾರ್ಮೆಂಟ್ಸ್‌ನವರೋ ಮೆಷಿನ್ ಶಾಪ್‌ನವರೋ ಹೊರಟಾಗ ಮೊದಲ ಸಾಲಿಗೇ ಕೈ ನಿಂತುಬಿಡುತ್ತದೆ. ಭಯಪಡಬೇಡಿ. ದೆಹಲಿಯ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕೂಲಿಗಳ ಪರವಾಗಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿಗೆ ಬಂದ ಒಂದು ಪತ್ರವನ್ನೇ ಸುಪ್ರೀಂ ಕೋರ್ಟ್ ರಿಟ್ ಅರ್ಜಿಯೆಂದು ತೆಗೆದುಕೊಂಡು 1982ರಲ್ಲಿ ತೀರ್ಪು ಕೊಟ್ಟಿದೆ. ನೀವೂ ಬರೆಯಬಲ್ಲಿರಿ.

1. ಯಾರಿಗೆ ಎಂದು ಬರೆಯಿರಿ. ಒಬ್ಬರೇ ಅಧಿಕಾರಿ, ಅವರ ಹುದ್ದೆ, ಕಚೇರಿ. ‘ಸಂಬಂಧಪಟ್ಟವರಿಗೆ’ ಎಂದು ಬರೆದರೆ ಪತ್ರ ಮೇಜಿನಿಂದ ಮೇಜಿಗೆ ಅಲೆಯುತ್ತದೆ.

2. ನಡೆದದ್ದನ್ನು ಹೇಳಿ. ಬರೆಯಲು ಕಷ್ಟವಾದರೆ ಮೊಬೈಲ್‌ನಲ್ಲಿ ಜಿಬೋರ್ಡ್ ತೆರೆಯಿರಿ, ಕನ್ನಡ ಆರಿಸಿ, ಮೈಕ್ ಒತ್ತಿ, ಪಕ್ಕದ ಲೈನಿನ ಗೆಳತಿಗೆ ಹೇಳುವ ಹಾಗೆ ಹೇಳಿ. ಕಾಗುಣಿತ ಆಮೇಲೆ ತಿದ್ದೋಣ.

3. ದೊಡ್ಡ ಮಾತುಗಳನ್ನು ಹೊಡೆದುಹಾಕಿ. ‘ನಮಗೆ ತುಂಬಾ ಅನ್ಯಾಯವಾಗಿದೆ’ ಎಂದು ಬರೆದಿದ್ದೀರಾ? ಅದರ ಜಾಗದಲ್ಲಿ ಹೀಗೆ ಬರೆಯಿರಿ: “ಕಳೆದ ಶನಿವಾರ ಸಂಜೆ 5.30ಕ್ಕೆ ಪಾಳಿ ಮುಗಿಯಿತು. ಟಾರ್ಗೆಟ್ ಬಾಕಿಯಿದೆ ಎಂದು ಗೇಟ್ ತೆಗೆಯಲಿಲ್ಲ. 7.30ರವರೆಗೆ ಹೊಲಿದೆವು. ಸಂಬಳದ ಚೀಟಿಯಲ್ಲಿ ಆ ಎರಡು ಗಂಟೆ ಇಲ್ಲ.” ಒಂದು ಬೈಗುಳವೂ ಇಲ್ಲ. ಆದರೂ ಓದಿದವರಿಗೆ ಪತ್ರ ಮಡಚಿ ಪಕ್ಕಕ್ಕಿಡಲು ಮನಸ್ಸು ಬರುವುದಿಲ್ಲ. ತಾರೀಖು ಹಾಕುವುದನ್ನು ಮರೆಯಬೇಡಿ, ಚೀಟಿಯ ಜೆರಾಕ್ಸ್ ಲಗತ್ತಿಸಿ. ಯಾರೋ ಹೇಳಿದ್ದನ್ನು ಸೇರಿಸಬೇಡಿ: ಒಂದು ಸುಳ್ಳು ಸಿಕ್ಕರೆ ಉಳಿದ ನಿಜವೂ ಬಿದ್ದುಹೋಗುತ್ತದೆ.

4. ಕರುಣೆ ಬೇಡುವ ಪದಗಳನ್ನು ತೆಗೆದು ಕಾನೂನು ಹೆಸರಿಸಿ. ಹೊಸಬರು ಹೆಚ್ಚು ಎಡವುವುದು ಇಲ್ಲೇ. 1927ರಲ್ಲಿ ಮಹಾಡ್‌ನ ಚವದಾರ್ ಕೆರೆಯ ನೀರು ಕುಡಿದ ಅಂಬೇಡ್ಕರ್ ಯಾರ ದಯೆಯನ್ನೂ ಕೇಳಲಿಲ್ಲ. ಸಾರ್ವಜನಿಕ ಕೆರೆಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಬಾಂಬೆ ಶಾಸನ ಪರಿಷತ್ತು 1923ರಲ್ಲೇ ನಿರ್ಣಯಿಸಿತ್ತು. ಓಟಿಗೆ, ಅಂದರೆ ಪಾಳಿ ಮೀರಿದ ದುಡಿಮೆಗೆ, ದುಪ್ಪಟ್ಟು ಕೂಲಿ ಎಂಬುದೂ ಹಾಗೇ ಆಗಲೇ ಕಾನೂನಿನಲ್ಲಿದೆ. ಸಂಬಳ ಕನಿಷ್ಠ ಕೂಲಿಗಿಂತಲೂ ಕಡಿಮೆಯೇ? ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಏಷ್ಯಾಡ್ ತೀರ್ಪು ಹೇಳಿದೆ. ಅದನ್ನೂ ಬರೆಯಿರಿ.

5. ಎದುರಿನವರ ವಾದವನ್ನು ನೀವೇ ಮೊದಲು ಹೇಳಿ, ಉತ್ತರ ಕೊಡಿ. ಇದನ್ನು ಅಮೆರಿಕದಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರಿಂದ ಕಲಿಯಬೇಕು. 1963ರ ಏಪ್ರಿಲ್‌ನಲ್ಲಿ ಅವರು ಬರ್ಮಿಂಗ್‌ಹ್ಯಾಮ್ ಜೈಲಿನಲ್ಲಿದ್ದಾಗ ಎಂಟು ಬಿಳಿಯ ಧರ್ಮಗುರುಗಳು ‘ಪ್ರತಿಭಟನೆಗೆ ಇದು ಸಮಯವಲ್ಲ’ ಎಂಬಂತೆ ಕೊಟ್ಟ ಹೇಳಿಕೆ ಕಣ್ಣಿಗೆ ಬಿತ್ತು. ಕಿಂಗ್ ರೇಗಲಿಲ್ಲ. ಸಿಕ್ಕ ಪತ್ರಿಕೆಯ ಅಂಚಿನಲ್ಲೇ ಬರೆಯಲು ಶುರುಮಾಡಿ ಅವರ ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿಕೊಂಡರು. ‘ಕಾಯಿರಿ’ ಎಂಬ ಮಾತಿಗೆ ಕೊಟ್ಟದ್ದು ಬಹಳ ಉದ್ದದ ಒಂದೇ ವಾಕ್ಯ: ಅವಮಾನಗಳ ಮೇಲೆ ಅವಮಾನ. ಟಿವಿ ಜಾಹೀರಾತು ನೋಡಿ ಪಾರ್ಕಿಗೆ ಹೋಗೋಣ ಎಂದ ಆರು ವರ್ಷದ ಮಗಳಿಗೆ, ಅಲ್ಲಿ ಕಪ್ಪು ಮಕ್ಕಳನ್ನು ಬಿಡುವುದಿಲ್ಲ ಎಂದು ತಿಳಿಸಬೇಕಾದ ತಂದೆಯ ಸಂಕಟವೂ ಅದರಲ್ಲಿದೆ.

ನಿಮ್ಮಲ್ಲಿ ‘ಆರ್ಡರ್ ಅರ್ಜೆಂಟ್ ಇತ್ತು’ ಅನ್ನುತ್ತಾರಲ್ಲವೇ? ಬರೆಯಿರಿ: “ಅರ್ಜೆಂಟ್ ಇದ್ದದ್ದು ನಿಜ. ಹೊಲಿದುಕೊಟ್ಟಿದ್ದೇವೆ. ಅದರ ಕೂಲಿ ಕೇಳುತ್ತಿದ್ದೇವೆ.”

6. ಕಿಂಗ್ ಅವರ ಹಾಗೆ ಒಂದೇ ಒಂದು ಕಡೆ ಸಾಲನ್ನು ಉದ್ದ ಮಾಡಿ. ಕ್ರಿಯಾಪದ ಕೊನೆಗೆ ಬರುವ ನಮ್ಮ ಕನ್ನಡಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ: “ನೀರಿಗೆ ಎದ್ದರೆ ಸೂಪರ್‌ವೈಸರ್ ಗಡಿಯಾರ ನೋಡುವಾಗ, ಶೌಚಾಲಯಕ್ಕೆ ಟೋಕನ್ ಕೇಳಬೇಕಾದಾಗ, ಕತ್ತಲಾದರೂ ಮಗು ಪಕ್ಕದ ಮನೆಯಲ್ಲೇ ಕಾಯುವಾಗ, ಇನ್ನೂ ತಾಳಿ ಎಂದರೆ ನಮ್ಮಿಂದ ಆಗುವುದಿಲ್ಲ.” ಎಲ್ಲ ಕಡೆ ಹೀಗೆ ಬರೆದರೆ ಓದುವವರು ಸುಸ್ತಾಗುತ್ತಾರೆ.

7. ಬೇಡಿಕೆ ಒಂದೇ ಇಡಿ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದಾಗ ಕೇಳಿದ್ದು, ಪಿಎಫ್ ಹಣ ತೆಗೆಯಲು ತಡೆಯಾಗಿದ್ದ ಹೊಸ ನಿಯಮ ವಾಪಸಾಗಲಿ ಎಂದು. 19ರಂದು ಕೇಂದ್ರ ಸರ್ಕಾರ ಅದನ್ನು ಹಿಂಪಡೆಯಿತು. ನೀವೂ ಏನು, ಯಾವ ತಾರೀಖಿನೊಳಗೆ ಎಂದು ಸ್ಪಷ್ಟವಾಗಿ ಬರೆಯಿರಿ.

8. ಗಟ್ಟಿಯಾಗಿ ಓದಿಸಿ, ಸಹಿ ಹಾಕಿಸಿ. ಒಬ್ಬರೇ ಹಾಕಬೇಡಿ, ಇಡೀ ಲೈನ್ ಹಾಕಲಿ. ಎರಡು ಪ್ರತಿ ಒಯ್ಯಿರಿ. ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು ಮತ್ತು ತಾರೀಖು ಹಾಕಿಸಿಕೊಂಡೇ ಹೊರಬನ್ನಿ.